ನಿಮಗಿದು ಗೊತ್ತೇ? ಗಲ್ಲಾಪೆಟ್ಟಿಗೆಯ ಸುತ್ತಮುತ್ತ

◆ ಹೊಸದಾಗಿ ಶುರುವಾದ ಹತ್ತು ವ್ಯಾಪಾರಗಳಲ್ಲಿ ಒಂಬತ್ತು, ಒಂದೇ ವರ್ಷದೊಳಗೆ ಬಾಗಿಲು ಹಾಕುತ್ತವೆ ಎಂದು ಮದುವೆಮನೆಯ ಪಂಕ್ತಿಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಕೇಳಿದವರು ತಲೆಯಾಡಿಸುತ್ತಾರೆ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಇಟ್ಟಿರುವ ಲೆಕ್ಕ ಬೇರೆಯೇ ಇದೆ. ಮೊದಲ ವರ್ಷ ಮುಚ್ಚುವುದು ಸುಮಾರು ಐದರಲ್ಲಿ ಒಂದು. ಐದು ವರ್ಷ ಕಳೆಯುವ ಹೊತ್ತಿಗೆ ಹೆಚ್ಚುಕಮ್ಮಿ ಅರ್ಧ. ಉದ್ಘಾಟನೆಯ ಹೂವಿನ ಹಾರ ಬಾಡಿದ ಕೂಡಲೇ ಎಲ್ಲರೂ ಬೀಳುವುದಿಲ್ಲ. ಉಳಿದವರು ಎರಡನೇ ವರ್ಷದಿಂದ ಐದನೇ ವರ್ಷದವರೆಗೆ ನಿಧಾನವಾಗಿ ಸೋರುತ್ತಾರೆ. ಈ ಅಂಕಣದ ಬಹುಪಾಲು ಸಂಗತಿಗಳು ಆ ಸೋರಿಕೆ ಎಲ್ಲೆಲ್ಲಿ ಆಗುತ್ತದೆ, ಯಾರು ಹೇಗೆ ತಡೆದರು ಎಂಬುದಕ್ಕೆ ಸೇರಿದವು.

◆ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಸಣ್ಣ ಸಾಲ ಪಡೆದು ವ್ಯಾಪಾರ ಮಾಡುವವರನ್ನು ಸಂಶೋಧಕರು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ಜಮಾ-ಖರ್ಚು, ನಗದು ಹರಿವು ಎಂದು ಪಠ್ಯಪುಸ್ತಕದ ಲೆಕ್ಕಶಾಸ್ತ್ರ ಕಲಿಸಿದರು. ಇನ್ನೊಂದು ಗುಂಪಿಗೆ ಕಲಿಸಿದ್ದು ಕೆಲವೇ ಸರಳ ಸೂತ್ರಗಳು. ಅಂಗಡಿಯ ದುಡ್ಡು ಒಂದು ಡ್ರಾಯರ್‌ನಲ್ಲಿ, ಮನೆಯ ದುಡ್ಡು ಇನ್ನೊಂದರಲ್ಲಿ. ಅದರಿಂದ ಇದಕ್ಕೆ ತೆಗೆದರೆ ಒಂದು ಚೀಟಿ ಬರೆದು ಹಾಕು. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಗೆದ್ದದ್ದು ಡ್ರಾಯರ್ ಗುಂಪು. ಲೆಕ್ಕಶಾಸ್ತ್ರ ಕಲಿತವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಮಗಳ ಫೀಸು, ಮಾವನ ಔಷಧಿ, ಸರಕಿನ ಬಿಲ್ಲು ಮೂರೂ ಒಂದೇ ಗಲ್ಲಾದಿಂದ ಹೋಗುವ ನಮ್ಮ ಅಂಗಡಿಗಳಲ್ಲಿ ಲಾಭ ಎಷ್ಟು ಎಂದು ಕೇಳಿದರೆ ಮಾಲೀಕರು ಛಾವಣಿ ನೋಡುವುದೇಕೆ ಎಂಬುದಕ್ಕೆ ಇಷ್ಟು ಸಾಕು.

◆ 'ಚಿಲ್ಲರೆ ಇಲ್ಲ' ಎಂಬ ಮಾತಿಗೂ ಒಂದು ಬೆಲೆಯಿದೆ. ಪಶ್ಚಿಮ ಕೆನ್ಯಾದ ಸಣ್ಣ ಅಂಗಡಿಗಳನ್ನು ಅಧ್ಯಯನ ಮಾಡಿದವರು ಅದನ್ನು ಅಳೆದರು. ಚಿಲ್ಲರೆ ಇಲ್ಲದೆ ಗಿರಾಕಿ ವಾಪಸು ಹೋಗುವುದರಿಂದ, ಚಿಲ್ಲರೆ ತರಲು ಮಾಲೀಕನೇ ಎದ್ದು ಓಡುವುದರಿಂದ ಆಗುವ ನಷ್ಟ ಲಾಭದ 5ರಿಂದ 8 ಶೇಕಡಾ! ಇನ್ನೂ ವಿಚಿತ್ರವೆಂದರೆ, ಪ್ರತಿವಾರ ಬಂದು 'ಈ ವಾರ ಎಷ್ಟು ಸಲ ಚಿಲ್ಲರೆ ಇಲ್ಲದೆ ವ್ಯಾಪಾರ ತಪ್ಪಿತು?' ಎಂದು ಬರೀ ಕೇಳಿದ್ದಕ್ಕೇ ಅಂಗಡಿಯವರು ಎಚ್ಚೆತ್ತು ಚಿಲ್ಲರೆ ಇಟ್ಟುಕೊಳ್ಳತೊಡಗಿದರು. ಸಲಹೆ ಕೊಟ್ಟಿರಲಿಲ್ಲ, ಸಾಲ ಕೊಟ್ಟಿರಲಿಲ್ಲ. ನಮ್ಮಲ್ಲಿ ಚಿಲ್ಲರೆಗೆ ಬದಲು ಚಾಕೊಲೇಟ್ ಕೈಗಿಡುವ ಕಾಲವನ್ನು ಕ್ಯೂಆರ್ ಕೋಡ್ ಮುಗಿಸುತ್ತಾ ಬಂದಿದೆ. ಚಾಕೊಲೇಟ್ ಕಂಪನಿಯವರಿಗೆ ಎಷ್ಟು ನಷ್ಟವಾಯಿತೋ, ಅದನ್ನು ಅಳೆದವರಿಲ್ಲ.

◆ ದಕ್ಷಿಣ ಆಫ್ರಿಕಾದ ಅಂಗಡಿ ಮಾಲೀಕರಲ್ಲಿ ಕೆಲವರಿಗೆ ಹಣಕಾಸು, ಕೆಲವರಿಗೆ ಮಾರುಕಟ್ಟೆ ಕಲಿಸಿದರು. ಇಬ್ಬರ ಲಾಭವೂ ಏರಿತು, ದಾರಿ ಮಾತ್ರ ಬೇರೆ. ಹಣಕಾಸು ಕಲಿತವರು ಖರ್ಚು ಕತ್ತರಿಸಿದರು. ಮಾರುಕಟ್ಟೆ ಕಲಿತವರು ಮಾರಾಟ ಹೆಚ್ಚಿಸಿದರು, ಆಳುಗಳನ್ನೂ ಹೆಚ್ಚಿಸಿಕೊಂಡರು.

◆ ಮುಂಬೈ ಸುತ್ತಿನ ಬಟ್ಟೆ ಗಿರಣಿಗಳಲ್ಲಿ ನಡೆದ ಪ್ರಯೋಗವೊಂದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಇವು ಕಿರಾಣಿ ಅಂಗಡಿಗಳಷ್ಟು ಪುಟ್ಟವಲ್ಲ, ನೂರಾರು ಜನ ದುಡಿಯುವ ಕುಟುಂಬ ಉದ್ಯಮಗಳು. ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಕೆಲವು ಗಿರಣಿಗಳಿಗೆ ತಿಂಗಳುಗಟ್ಟಲೆ ಪುಕ್ಕಟೆ ಸಲಹೆಗಾರರನ್ನು ಕಳಿಸಿದರು. ಹೇಳಿಕೊಟ್ಟದ್ದರಲ್ಲಿ ರಾಕೆಟ್ ವಿಜ್ಞಾನ ಏನೂ ಇರಲಿಲ್ಲ: ನೆಲ ಗುಡಿಸಿ, ನೂಲಿನ ದಾಸ್ತಾನು ಎಷ್ಟಿದೆ ಎಂದು ಬರೆದಿಡಿ, ಯಂತ್ರ ಕೆಡುವ ಮುಂಚೆ ಎಣ್ಣೆ ಹಾಕಿ, ದೋಷವಿರುವ ಬಟ್ಟೆಯ ಲೆಕ್ಕವನ್ನು ದಿನಾ ನೋಡಿ. ಮೊದಲ ವರ್ಷದಲ್ಲೇ ಉತ್ಪಾದಕತೆ ಸುಮಾರು 17 ಶೇಕಡಾ ಏರಿತು. ಹಾಗಿದ್ದರೆ ಮೊದಲೇ ಯಾಕೆ ಮಾಡಿರಲಿಲ್ಲ? ನಮ್ಮ ಗುಣಮಟ್ಟ ಅಕ್ಕಪಕ್ಕದವರಿಗಿಂತ ಕಡಿಮೆಯೇನಲ್ಲವಲ್ಲ ಎಂಬ ಸಮಾಧಾನ ಮಾಲೀಕರಲ್ಲಿತ್ತು. ಅಕ್ಕಪಕ್ಕದವರೂ ಹಾಗೇ ಅಂದುಕೊಂಡಿದ್ದರು.

◆ ಅದೇ ಅಧ್ಯಯನದಲ್ಲಿ ಸಿಕ್ಕ ಇನ್ನೊಂದು ಸಂಗತಿ: ಗಿರಣಿಯೊಂದು ಎಷ್ಟು ದೊಡ್ಡದಾಗಿ ಬೆಳೆದಿದೆ ಎಂಬುದು ಮಾಲೀಕರ ಮನೆಯಲ್ಲಿ ವಯಸ್ಸಿಗೆ ಬಂದ ಗಂಡಸರು ಎಷ್ಟಿದ್ದಾರೆ ಎಂಬುದರ ಜೊತೆ ತಾಳೆಯಾಗುತ್ತಿತ್ತು. ಹೊರಗಿನ ಮ್ಯಾನೇಜರನ ಕೈಗೆ ಬೀಗದ ಕೈ ಕೊಡಲು ನಂಬಿಕೆ ಇಲ್ಲ. ತಮ್ಮನೋ ಮಗನೋ ಇದ್ದರೆ ಮಾತ್ರ ಎರಡನೇ ಘಟಕ. ಮನೆಯ ಹೆಣ್ಣುಮಕ್ಕಳ ಹೆಸರು ಈ ಲೆಕ್ಕದಲ್ಲಿ ಬರುವುದೇ ಇಲ್ಲ ಎಂಬುದನ್ನು ಗಮನಿಸಿ. ಅರ್ಧ ತಲೆಗಳನ್ನು ಪಕ್ಕಕ್ಕಿಟ್ಟು, ನಂಬುವಂಥ ಜನ ಸಿಗುವುದಿಲ್ಲ ಎಂದು ಕೊರಗುವುದು ಯಾವ ಜಾಣತನವೋ.

◆ ಮೂಲ್ಕಿಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತ್ 1984ರ ಫೆಬ್ರುವರಿ 14ರಂದು ಮುಂಬೈನ ಜುಹೂವಿನಲ್ಲಿ ಬಾಗಿಲು ತೆರೆದಾಗ ಮುಖ್ಯವಾಗಿ ಮಾರಿದ್ದು ಪಾವ್ ಭಾಜಿ! ಐಸ್‌ಕ್ರೀಮ್ ಪಕ್ಕವಾದ್ಯ. ಬರೀ ಐಸ್‌ಕ್ರೀಮ್ ತಿನ್ನಲು ಆ ಕಾಲದಲ್ಲಿ ಯಾರು ಬಂದಾರು ಎಂಬ ಅಳುಕು. ಖಾರದ ಭಾಜಿ ತಿಂದವರು ತಾವಾಗಿಯೇ ತಂಪು ಕೇಳುತ್ತಾರೆ ಎಂಬ ಎಣಿಕೆ ಫಲಿಸಿತು. ಐಸ್‌ಕ್ರೀಮಿಗೇ ಜನ ಬರತೊಡಗಿದರು. ಆಗ ಅವರು ಮಾಡಿದ ಕೆಲಸ ಎಲ್ಲರ ಎದೆಗೆ ಸಾಧ್ಯವಾಗುವಂಥದ್ದಲ್ಲ. ದಿನಾ ದುಡ್ಡು ತರುತ್ತಿದ್ದ ಪಾವ್ ಭಾಜಿಯನ್ನೇ ನಿಲ್ಲಿಸಿ ಹಾಲು, ಸಕ್ಕರೆ, ಹಣ್ಣಿನ ಐಸ್‌ಕ್ರೀಮನ್ನಷ್ಟೇ ಉಳಿಸಿಕೊಂಡರು. ಸೀತಾಫಲ, ಎಳನೀರು, ಹಲಸು ಎಂದು ಬೆಳೆದ 'ನ್ಯಾಚುರಲ್ಸ್' ಇವತ್ತು ದೇಶದ ಹಲವು ನಗರಗಳಲ್ಲಿದೆ. ಕಾಮತರು 2024ರ ಮೇ ತಿಂಗಳಲ್ಲಿ ತೀರಿಕೊಂಡರು.

◆ ಇದರದೇ ಅಮೆರಿಕನ್ ಅಣ್ಣ: ವಿಲಿಯಂ ರಿಗ್ಲಿ 1891ರಲ್ಲಿ ಶಿಕಾಗೋಗೆ ಬಂದದ್ದು ಸೋಪು ಮಾರಲು. ಸೋಪಿನ ಜೊತೆ ಬೇಕಿಂಗ್ ಪೌಡರ್ ಉಚಿತ ಕೊಟ್ಟ. ಜನ ಪೌಡರ್ ಬೇಕೆಂದರು, ಪೌಡರ್ ವ್ಯಾಪಾರಕ್ಕಿಳಿದ. ಅದರ ಜೊತೆ ಚೂಯಿಂಗ್ ಗಮ್ ಉಚಿತ ಕೊಟ್ಟ. ಜನ ಗಮ್ ಬೇಕೆಂದರು. ಮುಂದಿನದು ಎಲ್ಲರ ಹಲ್ಲಿಗೂ ಗೊತ್ತು.

◆ ಲಾಲ್‌ಬಾಗ್ ರಸ್ತೆಯ ಎಂಟಿಆರ್ ಪೊಟ್ಟಣದ ತಿಂಡಿಗೆ ಇಳಿದದ್ದರ ಹಿಂದೆ ಒಂದು ಸರ್ಕಾರಿ ಕಟ್ಟಳೆ ಇದೆ. ಕೋಟದ ಹತ್ತಿರದ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರು ಮಾಡಿದ ಹೋಟೆಲು ಅದು. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವ ಬಂದಾಗ ಇಡ್ಲಿಗೆ ರವೆ ಹಾಕಿ ನೋಡಿದ ಕಥೆಯನ್ನು ಅವರು ಇವತ್ತಿಗೂ ಹೇಳುತ್ತಾರೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಯ ಬೆಲೆ ಇಳಿಸಲೇಬೇಕೆಂಬ ಆದೇಶ ಬಂತು. ಆ ಬೆಲೆಗೆ ಮಾರಬೇಕಾದರೆ ತುಪ್ಪಕ್ಕೆ ಕೈ ಹಾಕಬೇಕು, ಇಲ್ಲವೇ ನಷ್ಟ ನುಂಗಬೇಕು. ಎಂಟಿಆರ್ ಹೋಟೆಲಿಗೆ ಬೀಗ ಹಾಕಿ, ಕೆಲಸಗಾರರ ಕೈಗೆ ಕೆಲಸ ಉಳಿಯಲೆಂದು ಮಿಕ್ಸು, ಮಸಾಲೆಪುಡಿಗಳ ವ್ಯಾಪಾರಕ್ಕೆ ತಿರುಗಿತು. ಹೋಟೆಲು ಮತ್ತೆ ತೆರೆಯಿತು, ಪೊಟ್ಟಣವೂ ಉಳಿಯಿತು. 2007ರಲ್ಲಿ ಆ ಪೊಟ್ಟಣದ ಉದ್ಯಮವನ್ನು ನಾರ್ವೆಯ ಓರ್ಕ್ಲಾ ಕೊಂಡುಕೊಂಡಿತು. ಹೋಟೆಲುಗಳು ಮಾತ್ರ ಆ ಮಾರಾಟದಲ್ಲಿ ಸೇರಿರಲಿಲ್ಲ, ಮಯ್ಯ ಕುಟುಂಬದಲ್ಲೇ ಇವೆ. ಅಂಗಡಿಯ ಶೆಲ್ಫಿನ ಎಂಟಿಆರ್ ಮತ್ತು ಬೆಳಗಿನ ಕ್ಯೂ ನಿಲ್ಲಿಸುವ ಎಂಟಿಆರ್ ಈಗ ಬೇರೆ ಬೇರೆ ಮಾಲೀಕರವು ಎಂದರೆ ಬೆಂಗಳೂರಿಗರೇ ಹುಬ್ಬೇರಿಸುತ್ತಾರೆ.

◆ ಕುರ್ಚಿ ತೆಗೆದರೆ ಲಾಭ ಹೆಚ್ಚುತ್ತದೆಯೇ? 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆರ್. ಪ್ರಭಾಕರ್ ಶುರು ಮಾಡಿದ 'ಕೆಫೆ ದರ್ಶಿನಿ' ಈ ಪ್ರಶ್ನೆಗೆ ಉತ್ತರ. ಮಾಣಿ ಇಲ್ಲ, ಟೇಬಲ್ ಸರ್ವಿಸ್ ಇಲ್ಲ. ಕ್ಯಾಷ್ ಕೌಂಟರಿನಲ್ಲಿ ದುಡ್ಡು ಕೊಟ್ಟು ಟೋಕನ್ ತಗೊಂಡು, ನಿಂತೇ ತಿಂದು ಹೊರಡು. ಅಡುಗೆಮನೆ ಗಿರಾಕಿಯ ಕಣ್ಣೆದುರೇ. ಇಷ್ಟರಿಂದ ಪುಟ್ಟ ಜಾಗದಲ್ಲಿ ತಾಸಿಗೆ ಎಷ್ಟೋ ಪಾಲು ಹೆಚ್ಚು ತಟ್ಟೆಗಳು ತಿರುಗಿದವು, ಬಾಡಿಗೆ ಮತ್ತು ಸಂಬಳ ಎರಡೂ ಇಳಿದವು, ಬೆಲೆಯೂ ಇಳಿಯಿತು. ದರ್ಶಿನಿ ಎಂಬುದು ಈಗ ಒಂದು ಹೋಟೆಲಿನ ಹೆಸರಲ್ಲ, ಒಂದು ಬಗೆಯ ಹೋಟೆಲಿನ ಹೆಸರು. ಮೊಣಕಾಲು ನೋವಿನವರಿಗೆ ಮಾತ್ರ ಆ ತಂತ್ರದಲ್ಲಿ ಜಾಗವಿರಲಿಲ್ಲ.

◆ ಸೌತ್‌ವೆಸ್ಟ್ ಏರ್‌ಲೈನ್ಸ್ ಕೂಡ ಒಂದು ಕಾಲಕ್ಕೆ ಪುಟ್ಟ ಉದ್ಯಮವೇ. 1971ರಲ್ಲಿ ಟೆಕ್ಸಾಸ್‌ನಲ್ಲಿ ಹಾರಾಟ ಶುರು ಮಾಡಿದ ಆ ಕಂಪನಿ ಮರುವರ್ಷ ದುಡ್ಡಿಲ್ಲದೆ ತನ್ನ ನಾಲ್ಕು ವಿಮಾನಗಳಲ್ಲಿ ಒಂದನ್ನು ಮಾರಬೇಕಾಯಿತು. ವೇಳಾಪಟ್ಟಿ ಮಾತ್ರ ಕಡಿತವಾಗಲಿಲ್ಲ. ಇಳಿದ ವಿಮಾನವನ್ನು ಹತ್ತೇ ನಿಮಿಷದಲ್ಲಿ ಮತ್ತೆ ಹಾರಿಸಿದರೆ ಮೂರರಲ್ಲಿ ನಾಲ್ಕರ ಕೆಲಸ ಆಗುತ್ತದೆ ಎಂದು ಲೆಕ್ಕ ಹಾಕಿದರು. ಆಯಿತು ಕೂಡ. ದರ್ಶಿನಿಯ ತಟ್ಟೆಗೂ ಟೆಕ್ಸಾಸ್‌ನ ವಿಮಾನಕ್ಕೂ ಒಂದೇ ಗಣಿತ.

◆ 2005ರಲ್ಲಿ ಬೆಂಗಳೂರಿನ ಐವತ್ತು ಚದರ ಅಡಿಯ ಜಾಗದಲ್ಲಿ ಶುರುವಾದ ಐಡಿ ಫ್ರೆಶ್, ದಿನಕ್ಕೆ ನೂರು ಪ್ಯಾಕೆಟ್ ದೋಸೆಹಿಟ್ಟು ಮಾರುವ ಗುರಿ ಮುಟ್ಟಲು ತಿಂಗಳುಗಳನ್ನೇ ತೆಗೆದುಕೊಂಡಿತು.

◆ ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭಿಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಕಡಿಮೆ ಜನ ಮಾತಾಡುವುದು ಆಮೇಲಿನ ಆಯ್ಕೆಗಳ ಬಗ್ಗೆ. ಒಬ್ಬನೇ ದೊಡ್ಡ ಗಿರಾಕಿಯ ಪೂರ್ತಿ ಲೋಡು ಹೊತ್ತರೆ ಬಾಡಿಗೆ ಎಷ್ಟೆಂದು ಹೇಳುವವನು ಅವನೇ. ನೂರು ಗಿರಾಕಿಗಳ ನೂರು ಗಂಟು ಹೊತ್ತರೆ ಯಾವನೊಬ್ಬನೂ ದರ ಹಿಂಡಲಾರ. ಆದರೆ ಆ ಗಂಟುಗಳನ್ನು ಇಳಿಸಿ, ವಿಂಗಡಿಸಿ, ಮತ್ತೆ ಏರಿಸಲು ಊರೂರಿಗೆ ಶಾಖೆ, ಗೋದಾಮು ಬೇಕು. ಸಂಕೇಶ್ವರರ ವಿಆರ್‌ಎಲ್ ಈ ಎರಡನೇ ದಾರಿ ಹಿಡಿಯಿತು. ಬೇರೆಯವರು ಲಾರಿಗಳನ್ನು ಬಾಡಿಗೆಗೆ ಹಿಡಿದು ಓಡಿಸುತ್ತಿದ್ದಾಗ ಬಹುಪಾಲು ಸ್ವಂತ ಲಾರಿಗಳನ್ನೇ ಇಟ್ಟುಕೊಂಡಿತು, ರಿಪೇರಿಗೂ ಹುಬ್ಬಳ್ಳಿ ಬಳಿಯ ವರೂರಿನಲ್ಲಿ ತನ್ನದೇ ವ್ಯವಸ್ಥೆ ಮಾಡಿಕೊಂಡಿತು. 2015ರಲ್ಲಿ ಷೇರುಪೇಟೆಗೂ ಬಂತು. ಹುಬ್ಬಳ್ಳಿ ಬೈಪಾಸಿನಲ್ಲಿ ಹಳದಿ ಲಾರಿ ನೋಡಿದಾಗ ಒಳಗೆ ಎಷ್ಟು ಜನರ ಗಂಟುಗಳಿರಬಹುದು ಎಂದು ಊಹಿಸಿ.

◆ ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆ ಅಂಗಡಿಯ ಪಕ್ಕದಲ್ಲೇ ರೇಷ್ಮೆ ಸೀರೆ ಅಂಗಡಿ ಏಕೆ? ಅಮೆರಿಕದ ಹೆರಾಲ್ಡ್ ಹೋಟೆಲಿಂಗ್ 1929ರಲ್ಲೇ ಇದಕ್ಕೆ ಗಣಿತ ಕೊಟ್ಟಿದ್ದ. ಇಬ್ಬರು ವ್ಯಾಪಾರಿಗಳು ಒಂದೇ ಬೀದಿಯಲ್ಲಿದ್ದರೆ, ಗಿರಾಕಿ ಎದುರಾಳಿಯ ಕಡೆ ಜಾರದಿರಲೆಂದು ಇಬ್ಬರೂ ನಡುವಿಗೆ ಸರಿಯುತ್ತಾ ಬಂದು ಪಕ್ಕಪಕ್ಕ ನಿಲ್ಲುತ್ತಾರೆ. ಇದು ಅರ್ಧ ಉತ್ತರ. ಇನ್ನರ್ಧವನ್ನು ಸೀರೆ ಕೊಳ್ಳಲು ಹೊರಟ ಯಾವ ಅತ್ತಿಗೆಯನ್ನಾದರೂ ಕೇಳಿ: ಹತ್ತು ಅಂಗಡಿ ಹತ್ತದೆ ಯಾರು ಸೀರೆ ತೆಗೆಯುತ್ತಾರೆ! ಒಂಟಿ ಅಂಗಡಿಗೆ ಬಾರದ ಗಿರಾಕಿ ಹತ್ತು ಅಂಗಡಿಗಳ ಸಾಲಿಗೆ ಬರುತ್ತಾಳೆ. ಬಳ್ಳಾರಿಗೆ ಜೀನ್ಸ್ ವ್ಯಾಪಾರಿಗಳು ದೂರದಿಂದ ಬರುವುದೂ ಹೀಗೆಯೇ.

◆ ಲಿಖಿತ ಯೋಜನೆ ಮಾಡಿಕೊಂಡ ಸಣ್ಣ ಉದ್ಯಮ ಚೆನ್ನಾಗಿ ನಡೆಯುತ್ತದೆಯೇ ಎಂಬ ಬಗ್ಗೆ ಹತ್ತಾರು ಅಧ್ಯಯನಗಳಿವೆ, ಜಗಳಗಳೂ ಇವೆ. ಆ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ತೂಗಿದ ವಿಶ್ಲೇಷಣೆಯೊಂದು 2010ರಲ್ಲಿ ಬಂತು. ಉತ್ತರ: ಹೌದು, ಪ್ರಯೋಜನವಿದೆ. ಆದರೆ ಈಗಷ್ಟೇ ಹುಟ್ಟಿದ ಉದ್ಯಮಕ್ಕಿಂತ ಕೆಲವು ವರ್ಷ ನಡೆದ ಉದ್ಯಮಕ್ಕೆ ಹೆಚ್ಚು. ಹೊಸಬನ ಬಳಿ ಯೋಜನೆಗೆ ಆಧಾರವಾಗುವ ಅನುಭವವೇ ಇರುವುದಿಲ್ಲವಲ್ಲ, ಬರೆದದ್ದರಲ್ಲಿ ಬಹುಪಾಲು ಊಹೆ. ಬ್ಯಾಂಕಿನವರು ಸಾಲಕ್ಕೆ ಮೊದಲು ಕೇಳುವ ಐದು ವರ್ಷದ ಪ್ರಾಜೆಕ್ಟ್ ರಿಪೋರ್ಟನ್ನು ಆಡಿಟರ್ ಆಫೀಸಿನ ಹುಡುಗ ಅರ್ಧ ದಿನದಲ್ಲಿ ತುಂಬಿಸಿಕೊಡುತ್ತಾನೆ. ಅದನ್ನು ಐದು ವರ್ಷದ ಮೇಲೆ ತೆಗೆದು ನೋಡಿದ ಮಾಲೀಕರೂ ಬ್ಯಾಂಕ್ ಮ್ಯಾನೇಜರರೂ ಅಪರೂಪ.

◆ ಯೋಜನೆ ಕೈಕೊಟ್ಟು ಗೆದ್ದವರಲ್ಲಿ ಹೋಂಡಾ ಪ್ರಸಿದ್ಧ. 1959ರಲ್ಲಿ ಲಾಸ್ ಏಂಜಲೀಸ್‌ಗೆ ಹೋದ ಬೆರಳೆಣಿಕೆಯ ಜಪಾನಿಯರು ಮಾರಬೇಕೆಂದಿದ್ದು ದೊಡ್ಡ ಬೈಕುಗಳನ್ನು. ಅಮೆರಿಕದ ಉದ್ದುದ್ದ ಹೆದ್ದಾರಿಯಲ್ಲಿ ಅವು ಎಣ್ಣೆ ಸೋರಿದವು, ಕ್ಲಚ್ ಕೆಟ್ಟಿತು. ತಾವು ಓಡಾಡಲು ಇಟ್ಟುಕೊಂಡಿದ್ದ 50 ಸಿಸಿಯ ಪುಟ್ಟ ಬಂಡಿಯನ್ನು ಬೀದಿಯ ಜನ ನಿಲ್ಲಿಸಿ ವಿಚಾರಿಸತೊಡಗಿದರು. ಅದನ್ನೇ ಮಾರಿದರು, ಮಾರುಕಟ್ಟೆ ಗೆದ್ದರು. ಸ್ವಾರಸ್ಯವೆಂದರೆ 1975ರಲ್ಲಿ ಬ್ರಿಟಿಷ್ ಸರ್ಕಾರಕ್ಕಾಗಿ ಸಲಹಾ ಸಂಸ್ಥೆಯೊಂದು ಬರೆದ ವರದಿ ಇದನ್ನೆಲ್ಲ ಹೋಂಡಾದ ಚಾಣಾಕ್ಷ ಪೂರ್ವಯೋಜನೆ ಎಂಬಂತೆ ವಿವರಿಸಿತ್ತು! ಅಲ್ಲಿದ್ದವರನ್ನೇ ಮಾತಾಡಿಸಿ ನಿಜ ಹೊರತಂದದ್ದು ರಿಚರ್ಡ್ ಪಾಸ್ಕೇಲ್, 1984ರಲ್ಲಿ.

◆ 1983ರಲ್ಲಿ 15,000 ರೂಪಾಯಿ ಬಂಡವಾಳದಿಂದ ಚಿಕ್ ಶಾಂಪೂ ಶುರು ಮಾಡಿದ ತಮಿಳುನಾಡಿನ ಸಿ.ಕೆ. ರಂಗನಾಥನ್, ಯಾವ ಕಂಪನಿಯದ್ದಾದರೂ ಸರಿ, ಖಾಲಿ ಸ್ಯಾಚೆಟ್ ತಂದವರಿಗೆ ಚಿಕ್ ಉಚಿತ ಎಂದರು. ಜನಕ್ಕೆ ರೂಢಿಯಾದ ಮೇಲೆ ಷರತ್ತು ಬದಲಾಯಿತು: ಚಿಕ್‌ನ ಖಾಲಿ ಸ್ಯಾಚೆಟ್ ಮಾತ್ರ ನಡೆಯುತ್ತದೆ.

◆ ಸಣ್ಣ ಉದ್ಯಮ ಎಂದರೆ ಎಷ್ಟು ಸಣ್ಣದು? 2025ರ ಏಪ್ರಿಲ್ 1ರಿಂದ ಬಂದ ಹೊಸ ಮಿತಿ ಪ್ರಕಾರ ಯಂತ್ರೋಪಕರಣದ ಹೂಡಿಕೆ 25 ಕೋಟಿ, ವಾರ್ಷಿಕ ವಹಿವಾಟು 100 ಕೋಟಿ ರೂಪಾಯಿ ಮೀರದಿದ್ದರೆ ಸಣ್ಣ. ಹೂಡಿಕೆ ಎರಡೂವರೆ ಕೋಟಿ, ವಹಿವಾಟು 10 ಕೋಟಿಯೊಳಗಿದ್ದರೆ ಅತಿಸಣ್ಣ. ನಿಮ್ಮ ಬೀದಿಯ ತುದಿಯ ಮಿಲ್ಲಿನವರೂ ಕೋಟ್ಯಧೀಶ ಗುತ್ತಿಗೆದಾರರೂ ಒಂದೇ ಕಡತದಲ್ಲಿ ಕೂರಬಹುದು.

◆ ಲಾಭ ಇದ್ದೂ ಮುಳುಗುವುದು ಸಾಧ್ಯ. ಪುಸ್ತಕದಲ್ಲಿ ಲಾಭ, ಗಲ್ಲಾದಲ್ಲಿ ಸೊನ್ನೆ, ನಡುವೆ ಉದ್ರಿ. 2006ರ ಎಂಎಸ್‌ಎಂಇ ಕಾಯ್ದೆಯಡಿ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಸರಕು ತಗೊಂಡವರು ದುಡ್ಡು ಕೊಡಲು, ಲಿಖಿತ ಒಪ್ಪಂದವಿದ್ದರೂ, 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆಯ ನಿಯಮ ಇನ್ನೂ ಚುರುಕು: ಅವಧಿಯೊಳಗೆ ಕೊಡದ ಬಾಕಿಯನ್ನು, ನಿಜವಾಗಿ ಕೊಡುವ ವರ್ಷದವರೆಗೆ, ಖರ್ಚೆಂದು ತೋರಿಸುವಂತಿಲ್ಲ. ಸರಕು ಕೊಂಡು ಮಾರುವ ವರ್ತಕರಿಗೆ ಮಾತ್ರ ಈ ರಕ್ಷಣೆ ಇಲ್ಲ. ಉದ್ಯಮ್ ನೋಂದಣಿ ಅವರಿಗೂ ಸಿಗುತ್ತದೆ, ಆದರೆ ಆದ್ಯತಾ ವಲಯದ ಸಾಲಕ್ಕಷ್ಟೇ. ದೊಡ್ಡ ಗಿರಾಕಿಯ ವಿರುದ್ಧ ಈ ಕಾಯ್ದೆ ಹಿಡಿದು ಹೋದರೆ ಮುಂದಿನ ಆರ್ಡರ್ ಯಾರು ಕೊಡುತ್ತಾರೆ ಎಂಬುದನ್ನು ಕಾನೂನು ಹೇಳುವುದಿಲ್ಲ.

◆ ಟೋಗೋ ದೇಶದ ಲೋಮೆಯಲ್ಲಿ 1,500 ಪುಟ್ಟ ವ್ಯಾಪಾರಿಗಳ ಮೇಲೆ ನಡೆದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಮಾಮೂಲಿ ವ್ಯಾಪಾರ ತರಬೇತಿ ಪಡೆದವರ ಲಾಭ 11 ಶೇಕಡಾ ಹೆಚ್ಚು ಕಂಡರೂ ಅದು ಆಕಸ್ಮಿಕವೂ ಇರಬಹುದಾದ ಅಂತರ. ಮುಂದಾಲೋಚನೆ, ಹೊಸದನ್ನು ತಾನೇ ಹುಡುಕುವುದು, ಅಡ್ಡಿ ಬಂದರೆ ದಾರಿ ಬದಲಿಸುವುದು ಇಂಥ ಮನೋಭಾವದ ತರಬೇತಿ ಪಡೆದವರ ಲಾಭ 30 ಶೇಕಡಾ ಏರಿತು.

◆ ಜಪಾನಿನ ಕೊಂಗೊ ಗುಮಿ ಎಂಬ ಕುಟುಂಬ ಸಂಸ್ಥೆ 578ನೇ ಇಸವಿಯಿಂದ ದೇವಾಲಯ ಕಟ್ಟುತ್ತಾ ಬಂದಿತ್ತು. ಅಂದರೆ ಬಾದಾಮಿಯಲ್ಲಿ ಮಂಗಳೇಶ ಗುಹೆ ಕೊರೆಸುತ್ತಿದ್ದ ದಿನಗಳಿಂದ. ಯುದ್ಧ, ಬೆಂಕಿ, ರಾಜ್ಯಪಲ್ಲಟ ಎಲ್ಲವನ್ನೂ ದಾಟಿದ ಈ ಉದ್ಯಮವನ್ನು ಕೆಡವಿದ್ದು 1980ರ ದಶಕದ ರಿಯಲ್ ಎಸ್ಟೇಟ್ ಆಸೆ. ಸಾಲ ಮಾಡಿ ಜಮೀನು ಕೊಂಡರು, ಬೆಲೆ ಕುಸಿಯಿತು, ದೇವಾಲಯಗಳಿಗೆ ಬರುವ ದೇಣಿಗೆಗಳೂ ಇಳಿದವು. 2006ರಲ್ಲಿ ತಕಮತ್ಸು ಎಂಬ ಕಂಪನಿಯ ಕೈಸೇರಿತು. ಪಕ್ಕದವನು ಸೈಟು ಮಾಡಿ ದುಡ್ಡು ಮಾಡಿದ ಎಂದು ತನ್ನ ಮಿಲ್ಲು ಅಡವಿಟ್ಟವರು ನಮ್ಮ ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ.

◆ ಚೀನಾದ ನಾನ್‌ಚಾಂಗ್‌ನಲ್ಲಿ 2,820 ಉದ್ಯಮಗಳ ಪೈಕಿ ಕೆಲವರನ್ನು ಆರಿಸಿ, ಹತ್ತು ಹತ್ತು ಮಂದಿಯ ಗುಂಪು ಮಾಡಿ, ಒಂದು ವರ್ಷ ತಿಂಗಳಿಗೊಮ್ಮೆ ಸೇರಿ ಮಾತಾಡಿ ಎಂದರು. ಬೇರೇನೂ ಕೊಡಲಿಲ್ಲ. ಸೇರಿದವರ ಮಾರಾಟ 8.1 ಶೇಕಡಾ ಹೆಚ್ಚಿತು. ಮಧ್ಯದಲ್ಲಿ ಸಂಶೋಧಕರು ಒಂದು ಕಿತಾಪತಿಯನ್ನೂ ಮಾಡಿದ್ದರು: ಕೆಲವರ ಕಿವಿಯಲ್ಲಷ್ಟೇ ಲಾಭದಾಯಕ ಸುದ್ದಿಯೊಂದನ್ನು ಹಾಕಿ, ಅದು ಹರಡುತ್ತದೆಯೇ ನೋಡಿದರು. ಗುಂಪಿನಲ್ಲಿ ಅದೇ ವ್ಯಾಪಾರದ ಪ್ರತಿಸ್ಪರ್ಧಿಗಳು ಹೆಚ್ಚಿದ್ದಷ್ಟೂ ಬಾಯಿ ಬಿಗಿಯಾಗುತ್ತಿತ್ತು.

◆ ಕೆನ್ಯಾದಲ್ಲೇ ಈಚೆಗೆ ಸಣ್ಣ ವ್ಯಾಪಾರಿಗಳಿಗೆ ವಾಟ್ಸಾಪ್‌ನಲ್ಲಿ ಕೃತಕ ಬುದ್ಧಿಮತ್ತೆಯ ಸಲಹೆಗಾರನನ್ನು ಕೊಟ್ಟು ನೋಡಿದರು. ಒಟ್ಟಾರೆ ಸರಾಸರಿ ಪರಿಣಾಮ ಏನೂ ಇಲ್ಲ. ಒಳಗೆ ಇಣುಕಿದರೆ, ಮೊದಲೇ ಚೆನ್ನಾಗಿ ನಡೆಸುತ್ತಿದ್ದವರು ಇನ್ನೂ ಮೇಲೇರಿದ್ದರು, ಕುಂಟುತ್ತಿದ್ದವರು ಇನ್ನೂ ಕೆಳಗಿಳಿದಿದ್ದರು.

◆ 1959ರ ಮಾರ್ಚ್ 15ರಂದು ಮುಂಬೈನ ಗಿರ್‌ಗಾಂವ್‌ನಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಒತ್ತಿದರು. ಅದೇ ಲಿಜ್ಜತ್. ಮೊದಲು ಎರಡು ದರ್ಜೆಯ ಹಪ್ಪಳ ಮಾಡಿದ್ದರು, ಕಳಪೆಯದನ್ನು ಅಗ್ಗಕ್ಕೆ ಮಾರುವ ಯೋಚನೆ. ಒಂದೇ ದರ್ಜೆ ಮಾಡಿ, ಅದರಲ್ಲಿ ರಾಜಿ ಬೇಡ ಎಂದು ಹಿತೈಷಿಯೊಬ್ಬರು ಹೇಳಿದ್ದನ್ನು ಒಪ್ಪಿಕೊಂಡರು. ಮಳೆಗಾಲ ಬಂತು, ಹಪ್ಪಳ ಒಣಗಲಿಲ್ಲ, ನಾಲ್ಕು ತಿಂಗಳು ಕೆಲಸವೇ ನಿಂತಿತು. ಮರುವರ್ಷದ ಮಳೆಗಾಲಕ್ಕೆ ಮಾಡಿದ ಬಂಡವಾಳ ವೆಚ್ಚ: ಒಂದು ಮಂಚ, ಒಂದು ಒಲೆ. ಮಂಚದ ಮೇಲೆ ಹಪ್ಪಳ, ಕೆಳಗೆ ಒಲೆ. ಆ ಏಳು ಮಂದಿಯಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಲಿಜ್ಜತ್ ವಹಿವಾಟು ಅಷ್ಟರಲ್ಲಿ ಸಾವಿರ ಕೋಟಿ ದಾಟಿತ್ತು.